ಕುಂಕುಮದ ಬಣ್ಣ ಬಳಿದ ಕಾರು

ನಾನು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಗ ಸೋದರಮಾವ ಒಂದು ಹಳೆಯ ಕಾರು ಕೊಂಡು ರಾಜಾಜಿನಗರದ ನಮ್ಮ ಮನೆ ಮುಂದೆ ತಂದು ನಿಲ್ಲಿಸಿದರು. ಕಪ್ಪು ಕಾರು. ಐವತ್ತರ ದಶಕದಲ್ಲಿ ನಮ್ಮ ಕಡೆ ಓಡಾಡುತ್ತಿದ್ದ ಕಾರುಗಳೇ ಕಡಿಮೆ, ಇದ್ದವು ಬಹಳಮಟ್ಟಿಗೆ ಕಪ್ಪೇ. ಡಾಕ್ಟರದು ಕಪ್ಪು, ವಕೀಲರದು ಕಪ್ಪು. ಕಾರ್ಖಾನೆಯ ಸಾಹೇಬರದು ಮಾತ್ರ ಬೂದು. ಧೂಳು ಕಾಣಬಾರದು ಅಂತ ಆರಿಸಿದ್ದಂತೆ. ಒಬ್ಬ ಕಂಟ್ರಾಕ್ಟರು ತಿಳಿಹಳದಿ ಕಾರನ್ನು ತಾವೇ ಓಡಿಸಿಕೊಂಡು ಬರುತ್ತಿದ್ದರು. ರಸ್ತೆಯಲ್ಲಿ ಕೋಳಿ ಕೂಡ ಇಲ್ಲದಿದ್ದರೂ ಹಾರನ್ ಹೊಡೆಯುತ್ತಿದ್ದರು. ಕಾರಿನ ಬಣ್ಣ ಹೇಳಿ, ಒಳಗಿರುವವನ ಸ್ವಭಾವ ಹೇಳುತ್ತೇನೆ ಅಂತ ನಾನು ಕಾಲೇಜಿನಲ್ಲಿ ಜಂಬ ಕೊಚ್ಚುತ್ತಿದ್ದೆ.

ಮಾವನಿಗೆ ಅದನ್ನು ಮದುವೆಗಳಿಗೆ ಬಾಡಿಗೆಗೆ ಬಿಡುವ ಆಸೆ. ಆದರೆ ಎದುರಿಗೆ ಎತ್ತಿನ ಗಾಡಿ ಬಂದರೂ ಅವರು ಕಾರು ನಿಲ್ಲಿಸಿಬಿಡುತ್ತಿದ್ದರು. ಅಪ್ಪನಿಗೆ ಬಿನ್ನಿಪೇಟೆಯಲ್ಲಿ ಗಿರಣಿ ಕೆಲಸ. ರಜೆಯಲ್ಲಿ ಡ್ರೈವಿಂಗ್ ಕಲಿತು ಲೈಸೆನ್ಸ್ ಮಾಡಿಸಿದ್ದವನು ನಾನೊಬ್ಬನೇ.

ಮೊದಲು ಕೇಳಲು ಬಂದ ಅಜ್ಜಿ ಕಾರಿಗೆ ಒಂದು ಸುತ್ತು ಹಾಕಿ ನೋಡಿದರು. "ಶನಿ ಬಣ್ಣ! ಇದ್ರಲ್ಲಿ ಮದುಮಗನ್ನ ಕೂರಿಸ್ತಾರೇನಪ್ಪಾ?" ಎಂದವರು ಬಾಡಿಗೆ ಕೂಡ ವಿಚಾರಿಸದೆ ಹೊರಟುಹೋದರು. ಆಮೇಲೆ ಬಂದವರದೂ ಅದೇ ಮಾತು.

ಉಪಾಯ ಹೇಳಿದವಳು ಅವ್ವ. ವೀಳ್ಯದೆಲೆಯಲ್ಲಿ ಚಿಟಿಕೆ ಕುಂಕುಮ ಕಟ್ಟಿಕೊಂಡು ಮಾಗಡಿ ರಸ್ತೆಯ ಪೇಂಟರ್ ಹತ್ತಿರ ತಾನೇ ಹೋದಳು. "ಇದೇ ಬಣ್ಣ ಬಳೀರಿ. ಯಾರು ಬ್ಯಾಡ ಅಂತಾರೋ ನೋಡ್ತೀನಿ."

ಹಸಿಯಿದ್ದಾಗ ಅದು ಕುಂಕುಮದ ಹಾಗೇ ಹೊಳೆಯಿತು. ಒಣಗಿದ ಮೇಲೆ ನೋಡಿದರೆ ಥೇಟ್ ಟಪಾಲು ಗಾಡಿ! ನಾನು ಅದನ್ನು ಮನೆಗೆ ತಂದ ದಿನವೇ ಎದುರು ಮನೆಯವರು ಅಂಚೆ ಕಾರ್ಡು ಹಿಡಿದುಕೊಂಡು ಓಡಿಬಂದರು. "ಒಂದ್ ನಿಮಿಷ ನಿಲ್ಲಪ್ಪಾ, ಇದೊಂದು ಹಾಕ್ಕೊಂಡು ಹೋಗು!" ಅವ್ವ ಒಳಗೆ ಹೋದವಳು ಸಂಜೆಯವರೆಗೆ ಹೊರಗೆ ಬರಲಿಲ್ಲ.

ಆದರೆ ಕೆಂಗೇರಿಯ ಒಬ್ಬ ಜಮೀನುದಾರರಿಗೆ ಆ ಕೆಂಪು ಬಹಳ ಹಿಡಿಸಿತು. ಮಗನ ಮದುವೆಗೆ ಇದೇ ಕಾರು ಬೇಕು, ಬೆಳಿಗ್ಗೆ ಕೆಂಗೇರಿಯಿಂದ ಗಂಡನ್ನು ಬಿನ್ನಿಪೇಟೆಯ ಛತ್ರಕ್ಕೆ ಕರೆತರಬೇಕು ಎಂದರು. ಮಾವ ಹಿಂದೆಮುಂದೆ ನೋಡದೆ ಒಪ್ಪಿಕೊಂಡರು. ಆ ಬೆಳಿಗ್ಗೆಯೇ ನನಗೆ ಕೆಮಿಸ್ಟ್ರಿ ಪರೀಕ್ಷೆ.

"ಪರೀಕ್ಷೆ ಎಲ್ಲಿಗೆ ಓಡೋಗ್ತದೋ? ಸೆಪ್ಟೆಂಬರ್‌ನಲ್ಲಿ ಬರಿ," ಎಂದರು ಮಾವ.

"ಆಗಲ್ಲ ಮಾವ."

"ಕಾರು ಓಡ್ಸೋಕೆ ಡಿಗ್ರಿ ಯಾಕೋ?"

"ಅದಕ್ಕೇ ಓಡ್ಸಲ್ಲ ಅಂತಿರೋದು."

ಸೆಪ್ಟೆಂಬರಿನ ಮರುಪರೀಕ್ಷೆ ಅಂದರೆ ಏನು ಅಂತ ನನಗೆ ಗೊತ್ತಿತ್ತು. ಒಂದು ಮದುವೆಗೆ ಹೂಂ ಅಂದರೆ ಮುಂದಿನದಕ್ಕೂ ನಾನೇ. ಸೆಪ್ಟೆಂಬರ್ ಬರುವ ಹೊತ್ತಿಗೆ ಪುಸ್ತಕ ಕೈಬಿಟ್ಟು ಸ್ಟಿಯರಿಂಗೇ ಕೈಯಲ್ಲಿ ಉಳಿಯುತ್ತಿತ್ತು. ನಮ್ಮ ಮನೆತನದಲ್ಲಿ ಹೈಸ್ಕೂಲಿನ ಮೆಟ್ಟಿಲು ಹತ್ತಿದವನೇ ನಾನು ಮೊದಲು. ಅಷ್ಟು ದೂರ ಬಂದು ಅಲ್ಲಿ ನಿಲ್ಲುವುದು ಸಾಧ್ಯವಿರಲಿಲ್ಲ. ಬೇರೆ ಡ್ರೈವರನ್ನು ನಾನೇ ಹುಡುಕಿ ಕೊಡುತ್ತೇನೆ ಎಂದೆ.

ಡಾಕ್ಟರ ಡ್ರೈವರು ಕಾರನ್ನು ನೋಡಿಯೇ ನಕ್ಕುಬಿಟ್ಟರು. "ಕರೀ ಕಾರು ಓಡಿಸ್ದೋನು ಕಣಯ್ಯಾ ನಾನು. ಪೊಲೀಸಿನೋರೂ ಕೈ ಎತ್ತಿ ದಾರಿ ಬಿಡ್ತಾರೆ. ಇದ್ರಲ್ಲಿ ಕೂತ್ರೆ ಮನಿಯಾರ್ಡರ್ ಎಲ್ಲಿ ಅಂತಾರೆ!" ಸಾಹೇಬರ ಬೂದು ಕಾರಿನ ಡ್ರೈವರು ದನಿ ತಗ್ಗಿಸಿ, "ಕೆಂಪು ಬಣ್ಣ ದೂರಕ್ಕೇ ಕಾಣ್ತದೆ. ನಮ್ ಸಾಹೇಬ್ರ ಕಣ್ಣಿಗೆ ಬಿದ್ರೆ ನನ್ನ ಕೆಲ್ಸ ಹೋಗ್ತದೆ ತಮ್ಮಾ," ಎಂದರು. ಯಜಮಾನರ ಕಾರಿನ ಬಣ್ಣ ಡ್ರೈವರುಗಳಿಗೂ ಅಂಟಿಕೊಂಡಿರುತ್ತದೆ ಅಂತ ಆಗ ತಿಳಿಯಿತು. ನನ್ನ ಜಂಬಕ್ಕೆ ಪುರಾವೆ ಸಿಕ್ಕಿತ್ತು, ಡ್ರೈವರು ಸಿಕ್ಕಿರಲಿಲ್ಲ.

ಪರೀಕ್ಷೆ ಹತ್ತಿರವಾಗಿತ್ತು. ಮೈಸೂರು ರಸ್ತೆಯ ಟೀ ಅಂಗಡಿಗಳಲ್ಲಿ ಒಂದೊಂದಾಗಿ ಕೇಳುತ್ತ ಹೋದೆ. ಒಂದು ಕಡೆ ಲಾರಿ ಡ್ರೈವರೊಬ್ಬ ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದ. ಮದುವೆ, ನನ್ನ ಪರೀಕ್ಷೆ, ಕಾರಿನ ಬಣ್ಣ, ಎಲ್ಲವನ್ನೂ ಮೊದಲೇ ಹೇಳಿಬಿಟ್ಟೆ.

"ಕೆಂಪೇನು ಮಹಾ! ನಮ್ ಲಾರಿ ಹಿಂದೆ ನವಿಲು ಐತೆ, ಕಮಲ ಐತೆ, ಹುಲಿ ಐತೆ. ಹೂವು ಕಟ್ತಾರಾ?"

"ಕಟ್ತಾರೆ ಅಣ್ಣ."

"ಊಟ?"

"ಪಾಯಸದ ಊಟ."

"ಹಂಗಂದ್ರೆ ನೀನು ಹೋಗಿ ಬರ್ಕೋ, ಹೋಗು."

ಮದುವೆಯ ದಿನ ಬೆಳಿಗ್ಗೆ ಒಗೆದ ಅಂಗಿ ತೊಟ್ಟು, ಕ್ರಾಪಿಗೆ ಎಣ್ಣೆ ಹಾಕಿಕೊಂಡು ಲಾರಿಯವನು ಹೊತ್ತಿಗೆ ಸರಿಯಾಗಿ ಬಂದ. ಮಾವನ ಮೈಗೆ ಬೆಂಕಿ ಬಿದ್ದ ಹಾಗಾಯಿತು. "ನಾಕು ಜನ ದೊಡ್ಡೋರ ಮುಂದೆ ಲಾರಿಯೋನನ್ನ ಕಳಿಸ್ತೀಯೇನೋ? ಕೀ ತಗೊಂಡು ನೀನೇ ಹತ್ತು!"

ರಾತ್ರಿ ಪಾಳಿ ಮುಗಿಸಿ ಆಗತಾನೇ ಬಂದಿದ್ದ ಅಪ್ಪ ಜಗಲಿಯ ಮೇಲೆ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ. ಮಾವನಿಗೆ ಎಂದೂ ಎದುರು ಮಾತಾಡಿದವನಲ್ಲ. ಎದ್ದು ಬಂದು ಮಾವನ ಕೈಯಿಂದ ಕೀ ತೆಗೆದುಕೊಂಡು ಲಾರಿಯವನಿಗೆ ಕೊಟ್ಟ. ನನ್ನ ಕಡೆ ತಿರುಗಿ, "ಹೊತ್ತಾಯ್ತು, ನಡಿ," ಎಂದ, ಅಷ್ಟೇ.

ನಾನು ಸೈಕಲ್ ಹತ್ತಿದೆ. ಪರೀಕ್ಷೆ ಮುಗಿಯುವವರೆಗೆ ತಲೆ ಎತ್ತಲಿಲ್ಲ. ಗೊತ್ತಿದ್ದದ್ದನ್ನೆಲ್ಲ ಬರೆದು, ಗೊತ್ತಿಲ್ಲದ್ದಕ್ಕೂ ಕೈ ಹಾಕಿ ಎದ್ದೆ. ಸೆಪ್ಟೆಂಬರಿಗೆ ಒಂದು ವಿಷಯವನ್ನೂ ಉಳಿಸಿಕೊಳ್ಳದೆ ಆ ವರ್ಷವೇ ಪಾಸಾದೆ. ಲಾರಿಯವನು ಅವತ್ತು ಗಂಡನ್ನು ಮುಹೂರ್ತಕ್ಕೆ ಮೊದಲೇ ಛತ್ರ ಮುಟ್ಟಿಸಿದ್ದ. ಮುಂದಿನ ಮದುವೆಗಳಿಗೆಲ್ಲ ಮಾವ ತಾವೇ ಟೀ ಅಂಗಡಿಗೆ ಹೋಗಿ ಆ ಲಾರಿಯವನನ್ನು ಗೊತ್ತುಮಾಡಿಕೊಂಡು ಬರುತ್ತಿದ್ದರು. ನನ್ನನ್ನು ಮತ್ತೆ ಕೇಳಲಿಲ್ಲ.