ಹದಿನೈದು ದಿನ ಅಲ್ಲಿ, ಹದಿನೈದು ದಿನ ಇಲ್ಲಿ

ನಿನ್ನೆ ಹುಮನಾಬಾದ್ ಬಸ್ ನಿಲ್ದಾಣದ ಹೊರಗೆ ಸೇಬಿನ ಗಾಡಿಯ ವಾಸನೆಗೆ ನಿಂತುಬಿಟ್ಟೆ. ಸೇಬಿಗೆ ಅಂಥ ವಾಸನೆ ಏನಿರುತ್ತದೆ ಎಂದು ನೀವು ಕೇಳಬಹುದು. ನನಗೆ ಅದರಲ್ಲಿ ಮೂರು ವರ್ಷದ ಹಿಂದಿನ ಒಂದು ಭಾನುವಾರದ ವಾಸನೆ ಬರುತ್ತದೆ.

ನನಗೂ ಶಿವರಾಜರಿಗೂ ವಿಚ್ಛೇದನವಾದಾಗ ಮಗಳು ಶ್ರಾವಣಿಗೆ ಎಂಟು ವರ್ಷ. ಜಗಳವಾಡಿ ಇಬ್ಬರಿಗೂ ದಣಿವಾಗಿದ್ದರಿಂದ ಎಲ್ಲ ಸೌಜನ್ಯದಿಂದಲೇ ಮುಗಿಯಿತು. ಹನ್ನೊಂದು ವರ್ಷ ನನ್ನನ್ನು ‘ನೀ’ ಎನ್ನುತ್ತಿದ್ದವರು ಸಹಿಯಾದ ದಿನದಿಂದ ‘ನೀವು’ ಎನ್ನತೊಡಗಿದರು. ಮಗಳು ತಿಂಗಳಲ್ಲಿ ಹದಿನೈದು ದಿನ ಬಸವಕಲ್ಯಾಣದಲ್ಲಿ ಅವರ ಹತ್ತಿರ, ಹದಿನೈದು ದಿನ ಇಲ್ಲಿ ಹುಮನಾಬಾದಿನಲ್ಲಿ ನನ್ನ ಹತ್ತಿರ. ಶಾಲೆ ನಡುದಾರಿಯಲ್ಲಿತ್ತು, ಅದರ ಬಸ್ಸು ಎರಡೂ ಊರಿಗೆ ಬರುತ್ತಿತ್ತು.

ನಾನು ಔಷಧ ಕಾರ್ಖಾನೆಯಲ್ಲಿ ಕೆಮಿಸ್ಟ್. ಅವರದು ಹೊಲಿಗೆ ಮಷಿನ್ ರಿಪೇರಿಯ ಸಣ್ಣ ಅಂಗಡಿ. ನನ್ನ ಸಂಬಳ ಅವರ ಗಳಿಕೆಯ ಮೂರು ಪಟ್ಟು. ಹೀಗಾಗಿ ಮಗಳ ಖರ್ಚಿಗೆ ಪ್ರತಿ ತಿಂಗಳು ನಾನೇ ಅವರಿಗೆ ಹಣ ಕೊಡಬೇಕೆಂದು ಒಪ್ಪಂದದ ಕಾಗದದಲ್ಲಿತ್ತು.

‘ದಿನ ಸಮ ಅದಾವಲ್ರಿ, ಮತ್ತ ನಾ ಯಾಕ ಕೊಡಬೇಕು?’ ಎಂದು ವಕೀಲರನ್ನು ಕೇಳಿದ್ದೆ.

ವಯಸ್ಸಾದ ವಕೀಲರು ಕನ್ನಡಕ ಒರೆಸುತ್ತ, ‘ದಿನ ಸಮ ಅದಾವವ್ವ, ಗಳಿಕಿ ಸಮ ಇಲ್ಲ. ಕೂಸು ಎರಡೂ ಮನ್ಯಾಗ ಒಂದೇ ನಮೂನಿ ಬೆಳೀಬೇಕಲ್ಲ?’ ಎಂದರು. ನಾನು ತಲೆಯಾಡಿಸಿದೆ. ಒಪ್ಪಿದ್ದೇನೆ ಎಂದು ಅವರು ತಿಳಿದರು.

ನಾಲ್ಕು ತಿಂಗಳು ಕೊಟ್ಟೆ. ‘ಹೆಂಗಸು ಗಂಡಸಿಗೆ ಕೊಡೂದು ಎಲ್ಲಿ ಕೇಳೀರಿ?’ ಎಂದು ಪಕ್ಕದ ಮನೆಯವರು ನಕ್ಕರು. ಐದನೆಯ ತಿಂಗಳು ನಿಲ್ಲಿಸಿದೆ. ಶಿವರಾಜರು ಕೇಳಿದರೆ ಹೇಳಲೆಂದು ಉತ್ತರವನ್ನು ಬಾಯಿಪಾಠ ಮಾಡಿಟ್ಟುಕೊಂಡಿದ್ದೆ. ಅವರು ಕೇಳಲೇ ಇಲ್ಲ. ಅದಕ್ಕೂ ನನಗೆ ಸಿಟ್ಟು ಬಂತು.

ಎರಡು ತಿಂಗಳಾದ ಮೇಲೆ ಒಂದು ಭಾನುವಾರ ಮಗಳನ್ನು ಕರೆತರಲು ಬಸವಕಲ್ಯಾಣಕ್ಕೆ ಹೋದೆ. ಅಂಗಡಿಯ ಮುಂದೆ ಸೇಬಿನ ಗಾಡಿ ಬಂತು.

‘ತಗೋತಿಯೇನವ್ವ?’ ಎಂದು ಶಿವರಾಜರು ಮಗಳನ್ನು ಕೇಳಿದರು.

‘ಬ್ಯಾಡಪ್ಪ, ನನಗ ಸೇಬು ಸೇರಂಗಿಲ್ಲ.’

ನನ್ನ ಮನೆಯಲ್ಲಿ ಸಂಜೆಯೊಳಗೆ ಮೂರು ತಿನ್ನುವವಳು. ಬಸ್ಸಿನಲ್ಲಿ ಕೂತ ಮೇಲೆ, ‘ಯಾಕ ಸುಳ್ಳು ಹೇಳಿದಿ?’ ಎಂದೆ.

‘ಸುಳ್ಳಲ್ಲವ್ವ. ಅಲ್ಲಿದ್ದಾಗ ನನಗ ಸೇರಂಗಿಲ್ಲ. ಅಲ್ಲಿ ಹಾಲೂ ಸೇರಂಗಿಲ್ಲ,’ ಎಂದಳು, ಪಾಠ ಒಪ್ಪಿಸುವಂತೆ. ಆಮೇಲೆ ಅಲ್ಲಿ ಸೇರದ ಉಳಿದವನ್ನೂ ಬೆರಳು ಮಡಚಿ ಹೇಳಿದಳು: ಹೊಸ ಬೂಟು, ಚಿತ್ರದ ಕ್ಲಾಸು, ಹುಟ್ಟುಹಬ್ಬ.

ಯಾವ ಮನೆಯಲ್ಲಿ ಎಷ್ಟು ಆಸೆಪಡಬೇಕೆಂದು ಆಕೆ ತಾನೇ ಗೊತ್ತುಮಾಡಿಕೊಂಡಿದ್ದಳು. ಬಸ್ ಇಳಿದವಳೇ ನಿಲ್ಲಿಸಿದ್ದ ತಿಂಗಳುಗಳ ಹಣವನ್ನೂ ಸೇರಿಸಿ ಮೊಬೈಲಿನಲ್ಲಿ ಕಳಿಸಿದೆ. ‘ಮುಟ್ಟಿತ್ರಿ’ ಎಂದಷ್ಟೇ ಉತ್ತರ ಬಂತು.

ಹಣ ತಲುಪಿದಷ್ಟು ಬೇಗ ಮಗಳ ರೂಢಿ ಬಿಡಲಿಲ್ಲ. ಮೊದಲು ಹಾಲು ಸೇರಿತು. ಬೂಟು ಸೇರಲು ವರ್ಷ ಹಿಡಿಯಿತು.

ನಿನ್ನೆ ಅಲ್ಲಿ ನಿಂತಿದ್ದಾಗಲೇ ಶಿವರಾಜರ ಫೋನು ಬಂತು.

‘ನಿಮ್ಮ ಮಗಳು ಇಲ್ಲಿ ಸೈಕಲ್ ಬೇಕಂತ ಎರಡು ದಿನದಿಂದ ಹಟ ಹಿಡದಾಳ್ರಿ. ನನ್ನ ಜೋಡಿ ಮಾತು ಬಿಟ್ಟಾಳ. ನೀವರ ಒಂದೀಟು ಬುದ್ಧಿ ಹೇಳ್ರಿ.’

ಹೇಳ್ತೀನ್ರಿ ಎಂದೆ. ಇನ್ನೂ ಹೇಳಿಲ್ಲ.