ಮೊಳೆಯಿಲ್ಲದ ಗೋಡೆಯ ಮಾರಕ್ಕ

ಎತ್ತರ ಐದಡಿಗೆ ಒಂದು ಅಂಗುಲ ಕಮ್ಮಿ, ಮಾತು ಅದಕ್ಕಿಂತ ಕಮ್ಮಿ. ಕಾಲಲ್ಲಿ ಸವೆದ ಚಪ್ಪಲಿ, ಆದರೆ ಉಂಗುಟದ ಹತ್ತಿರ ಹೊಲಿಸಿದ್ದು ಗಟ್ಟಿ ದಾರದಲ್ಲಿ. ಬಾಡಿಗೆ ತಾರೀಕಿಗೆ ಸರಿಯಾಗಿ ಬರುತ್ತೆ, ಚೌಕಾಸಿ ಬರೋದಿಲ್ಲ. ಆರು ವರ್ಷದ ಹಿಂದೆ ಮನೆ ಕೇಳಿಕೊಂಡು ಬಂದ ಮಾರಕ್ಕನಿಗೆ ನಾನು ಕಟ್ಟಿದ ಬೆಲೆ ಇಷ್ಟು. ಮಧ್ಯಮ ದರ್ಜೆ, ನಷ್ಟವಿಲ್ಲದ ಮಾಲು.

ರಾಮನಗರದ ಮಾರುಕಟ್ಟೆಯಲ್ಲಿ ನಾನು ರೇಷ್ಮೆಗೂಡು ಕೊಳ್ಳುವವನು. ರಾಶಿಯ ಮೇಲೆ ಹೊಳೆಯುವುದನ್ನು ನೋಡಿ ದುಡ್ಡು ಕೊಟ್ಟವನು ಉದ್ಧಾರವಾದದ್ದಿಲ್ಲ. ಮೊಣಕೈವರೆಗೆ ಕೈ ಇಳಿಸಿ ತಳದ ಗೂಡು ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ ನೋಡಬೇಕು. ಮಾರಕ್ಕನ ವಿಷಯದಲ್ಲಿ ನಾನು ಮೇಲೆ ಮೇಲೆ ನೋಡಿ ಸುಮ್ಮನಾದೆ.

ಗಂಡ ತೀರಿಕೊಂಡು ವರ್ಷವಾಗಿತ್ತು. ಜೊತೆಗೆ ಮಗಳು ನಯನಾ. ಮಾರಕ್ಕ ರೇಷ್ಮೆ ಕಾರ್ಖಾನೆಯಲ್ಲಿ ಕುದಿನೀರಿನ ತೊಟ್ಟಿಯಿಂದ ಎಳೆ ಎತ್ತುವ ಕೆಲಸಕ್ಕಿದ್ದಳು. ತಿಂಗಳಿಗೆ ನಾಲ್ಕು ಸಾವಿರ ಬಾಡಿಗೆ, ನಲವತ್ತು ಸಾವಿರ ಅಡ್ವಾನ್ಸ್. ಖಾಲಿ ಮಾಡುವಾಗ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಮುರಿಯುವುದು ಎಂದು ಮಾತಾಯಿತು. ಬೀಗದ ಕೈ ಕೊಡುವಾಗ ಎಲ್ಲರಿಗೂ ಹೇಳುವುದನ್ನೇ ಆಕೆಗೂ ಹೇಳಿದೆ: "ಗೋಡೆ ಹೊಸದು. ಒಂದು ಮೊಳೆಗೆ ಐವತ್ತು ರೂಪಾಯಿ."

ಇದು ಅರ್ಧ ತಮಾಷೆ, ಅರ್ಧ ವ್ಯಾಪಾರ. ಯಾರೂ ಕೇಳುವುದಿಲ್ಲ. ದೇವರಿಗೆ ಒಂದು, ಗಡಿಯಾರಕ್ಕೆ ಒಂದು, ಚೀಲಕ್ಕೆ ನಾಲ್ಕು ಹೊಡೆಯುತ್ತಾರೆ. ಬಿಡುವಾಗ ನಾನು ಎಣಿಸುತ್ತೇನೆ, ಅವರು ಜಗಳ ಮಾಡುತ್ತಾರೆ, ಅರ್ಧಕ್ಕೆ ರಾಜಿಯಾಗುತ್ತೆ.

ಈ ವರ್ಷ ಮಾರಕ್ಕನ ಬೆರಳ ಸಂದುಗಳು ನೀರಿನಲ್ಲಿ ಬೆಂದು ಒಡೆದವು. ಇನ್ನು ತೊಟ್ಟಿಗೆ ಕೈ ಹಾಕಬೇಡ ಎಂದರು ಡಾಕ್ಟರು. ಚನ್ನಪಟ್ಟಣದಲ್ಲಿ ಗೊಂಬೆಗೆ ಅರಗಿನ ಬಣ್ಣ ಕೂರಿಸುವ ಕೆಲಸ ಸಿಕ್ಕಿತು, ಹತ್ತಿರದಲ್ಲೇ ಒಂದು ಮನೆಯೂ ನೋಡಿದಳು. ಅಲ್ಲಿಯ ಮಾಲೀಕ ಮೂವತ್ತಾರು ಸಾವಿರ ಅಡ್ವಾನ್ಸ್ ಕೇಳಿದ್ದ. ಇಲ್ಲಿ ಖಾಲಿ ಮಾಡುವ ದಿನ ಸಂಜೆ ಐದಕ್ಕೆ ಕೈಗೆ ಬರದಿದ್ದರೆ ಮನೆ ಬೇರೆಯವರಿಗೆ.

ಈ ಸಂಗತಿ ನನಗೆ ಗೊತ್ತಿತ್ತು. ಗೊತ್ತಿದ್ದೂ ಜೇಬಿನಲ್ಲಿ ಮೂವತ್ತೇ ಸಾವಿರ ಇಟ್ಟುಕೊಂಡು ಹೋದೆ. ಬಣ್ಣದ ಜೊತೆಗೆ ಮೊಳೆ, ಅಡುಗೆಮನೆಯ ಮಸಿ, ನಲ್ಲಿಯ ಸೋರಿಕೆ ಸೇರಿಸಿದರೆ ಹತ್ತು ಸಾವಿರ ಮುರಿಯಲು ಕಷ್ಟವಿಲ್ಲ. ಸಾಮಾನು ಗಾಡಿಗೆ ಏರಿದ ಮೇಲೆ ಬಾಡಿಗೆಯವರು ಹೆಚ್ಚು ವಾದಿಸುವುದಿಲ್ಲ. ಇದು ನನ್ನ ಅನುಭವ.

ನಾನು ಹೋಗುವಾಗ ಸಾಮಾನು ಗಾಡಿ ಏರಿಯೇ ಇತ್ತು. ಡ್ರೈವರ್ ವಾಸಿಂ ಬಾನೆಟ್ಟಿಗೆ ಒರಗಿದ್ದ. "ಸಾವ್ಕಾರ್ರು ಬಂದ್ರು. ಅಕ್ಕಾ, ಇನ್ನು ಅಳತೆ ಶುರುವಾಯ್ತದೆ. ನಾನು ಒಸಿ ಟೀ ಕುಡ್ಕಂಡ್ ಬತ್ತೀನಿ."

"ಲೇ, ಅಲ್ಲೇ ನಿಂತ್ಕೊ, ಈಗ ಮುಗೀತದೆ," ಎಂದು ಒಳಗೆ ಹೋದೆ.

ಪಡಸಾಲೆಯ ಗೋಡೆ ನೋಡಿದೆ. ರೂಮಿನದು ನೋಡಿದೆ. ಕನ್ನಡಕ ಹಾಕಿಕೊಂಡು, ಸಾಲದೆಂದು ಅಂಗೈಯಿಂದ ಸವರಿದೆ. ಒಂದು ತೂತಿಲ್ಲ, ತೂತು ಮುಚ್ಚಿದ ಗುರುತೂ ಇಲ್ಲ. ಒಲೆಯ ಹಿಂದೆ ಎಣ್ಣೆ ಡಬ್ಬ ಬಿಚ್ಚಿ ತಟ್ಟಿದ ತಗಡು ನಿಲ್ಲಿಸಿದ್ದಳಂತೆ. ತಗಡು ತೆಗೆದ ಜಾಗದಲ್ಲಿ ನಾನು ಬಳಿಸಿದ ಬಣ್ಣ ಹಾಗೆಯೇ ಇತ್ತು. ನಲ್ಲಿ ತಿರುಗಿಸಿ ನಿಲ್ಲಿಸಿದೆ. ಹನಿ ಬೀಳಲಿಲ್ಲ.

"ಏನ್ ಮಾರಕ್ಕ, ಈ ಮನೇಲಿ ವಾಸ ಇದ್ರೋ ಇಲ್ವೋ?"

"ಮೊಳೆಗೆ ಐವತ್ತು ಅಂದಿದ್ರಲ್ಲ ಸಾವ್ಕಾರ್ರೇ. ನನ್ನ ಒಂದೊತ್ತಿನ ಊಟದ ದುಡ್ಡು ಗೋಡೇಲಿ ಯಾಕ್ ಇಳಿಸ್ಲಿ?"

"ಮತ್ತೆ ಬಟ್ಟೆ, ಕ್ಯಾಲೆಂಡರು?"

"ಕಿಟಕಿ ಸರಳಿಂದ ಸರಳಿಗೆ ಹಗ್ಗ. ಕ್ಯಾಲೆಂಡರೂ ಅಲ್ಲೇ. ದೇವರು ಡಬ್ಬದ ಮ್ಯಾಲೆ."

ಸೋಲೊಪ್ಪುವ ವ್ಯಾಪಾರಿ ನಾನಲ್ಲ. ಬಾಗಿಲು ಸರಿಸಿ ಹಿಂದೆ ಇಣುಕಿದೆ. ಅಲ್ಲಿತ್ತು, ತುಕ್ಕು ಹಿಡಿದ ಒಂದು ಮೊಳೆ.

"ಸಿಕ್ತು ನೋಡು," ಎಂದೆ. ಲಾಟರಿ ಹೊಡೆದವನ ದನಿ ಬಂದಿರಬೇಕು, ಬಾಗಿಲಲ್ಲಿ ನಿಂತಿದ್ದ ವಾಸಿಂ ನಕ್ಕ.

ಮಾರಕ್ಕ ನಗಲಿಲ್ಲ. "ಅದು ನಿಮ್ದೇ. ಗೃಹಪ್ರವೇಶದಲ್ಲಿ ನೀವೇ ಹೊಡ್ದಿದ್ದಂತೆ, ನಿಮ್ಮನೆ ಅಮ್ಮಾವ್ರು ಯೋಳಿದ್ರು. ನಿಮ್ಮ ಅಂಗಡಿ ಕ್ಯಾಲೆಂಡರಿನ ದಾರ ಇನ್ನೂ ಐತೆ ನೋಡ್ಕಳಿ."

ಇತ್ತು. ಕೆಂಪು ದಾರ, ಬಣ್ಣ ಹೋಗಿ ಹುಲ್ಲಿನಂತಾಗಿತ್ತು.

"ಅಪ್ಪನ ಫೋಟೋ ಅದಕ್ಕಾದ್ರೂ ಹಾಕಣ ಅಂತ ಎಷ್ಟ್ ಸಲ ಕೇಳ್ದೆ ಅಂಕಲ್," ಎಂದಳು ನಯನಾ. "ಇನ್ನೊಬ್ರ ಮೊಳೆ, ಕೇಳದಂಗೆ ಹಾಕಬಾರ್ದು ಅಂದ್ಬುಟ್ಲು ಅಮ್ಮ. ನಿಮ್ಮನ್ನ ಕೇಳು ಅಂದ್ರೆ ಕೇಳೋಕೂ ಇಲ್ಲ."

ಆಗ ಅವಳ ಕೈಯಲ್ಲಿದ್ದ ಫೋಟೋ ಕಂಡಿತು. ಬಿಳಿ ಶರ್ಟಿನ ಗಂಡಸು, ಚೌಕಟ್ಟಿನ ಹಿಂಬದಿಗೆ ಮಡಿಸಿದ ಟವಲ್ ಹೊಲಿದಿತ್ತು. ಆರು ವರ್ಷ ಅದು ಟ್ರಂಕಿನ ಮೇಲೆ ಗೋಡೆಗೆ ಒರಗಿ ನಿಂತಿತ್ತಂತೆ. ಚೌಕಟ್ಟು ಉಜ್ಜಿ ನನ್ನ ಬಣ್ಣ ಹೋಗದಿರಲಿ ಎಂದು ಟವಲ್.

ನಲವತ್ತು ವರ್ಷದ ವ್ಯಾಪಾರದಲ್ಲಿ ಸ್ಟಾಂಪ್ ಪೇಪರ್ ಕರಾರು ಮುರಿದವರನ್ನು ನೋಡಿದ್ದೇನೆ, ದೇವರ ಮುಂದಿನ ಆಣೆ ಮುರಿದವರನ್ನು ನೋಡಿದ್ದೇನೆ, ಅವರಲ್ಲಿ ಒಂದೆರಡು ಸಲ ನಾನೂ ಇದ್ದೇನೆ. ಬೀಗದ ಕೈ ಕೊಡುವಾಗ ಬಾಯಿಗೆ ಬಂದಂತೆ ಅಂದ ಒಂದು ಮಾತನ್ನು ಆರು ವರ್ಷ ಹೀಗೆ ನಡೆಸಿದವರನ್ನು ನೋಡಿರಲಿಲ್ಲ. ಆ ಖಾಲಿ ಗೋಡೆಯ ಮುಂದೆ ನಾನು ಯಾಕೋ ಚಪ್ಪಲಿ ಬಿಟ್ಟು ನಿಂತೆ.

"ಸಾವ್ಕಾರ್ರೇ, ನಾಕು ಗಂಟೆ ಆಯ್ತು," ಎಂದ ವಾಸಿಂ. "ಐದಕ್ಕೆ ಚನ್ನಪಟ್ಟಣ ಮುಟ್ಟಿಸ್ಬೇಕು ನಾನು."

ಮೂವತ್ತು ಸಾವಿರ ಆಕೆಯ ಕೈಗಿಟ್ಟೆ. ಮಿಕ್ಕ ಹತ್ತನ್ನು ಮನೆಗೆ ಓಡಿಹೋಗಿ ತಂದೆ. ಈ ವಯಸ್ಸಿನಲ್ಲಿ ನಾನು ಓಡಿದ್ದನ್ನು ಬೀದಿಯೇ ನಿಂತು ನೋಡಿತು. ಮಾರಕ್ಕ ಒಡೆದ ಬೆರಳಲ್ಲಿ ನಿಧಾನಕ್ಕೆ ಎಣಿಸಿ, ನಾಲ್ಕು ಸಾವಿರ ಹಿಂದಕ್ಕೆ ಚಾಚಿದಳು.

"ಇದು ಬಣ್ಣದ್ದು. ಮಾತಾಗಿತ್ತು."

"ಗೋಡೆ ಹೊಸದಿದ್ದಂಗೇ ಐತೆ, ಇಟ್ಕೊ."

"ಮಡಿಕ್ಕಳಿ ಅಕ್ಕೋ, ಇವರು ಬ್ಯಾಡ ಅಂದಿದ್ದು ನಾನ್ ಇವತ್ತೇ ಕಂಡಿದ್ದು," ಎಂದ ವಾಸಿಂ.

"ಬ್ಯಾಡ. ನಾಳಿಕ್ಕೆ ಮಾರಕ್ಕಂಗೆ ಬಣ್ಣದ ದುಡ್ಡು ಬುಟ್ಟೆ ಅಂತ ಮಾರ್ಕೆಟ್ಟೆಲ್ಲ ಯೋಳ್ಕಂಡ್ ತಿರುಗ್ತಾರೆ ಇವರು," ಎಂದಳು ಮಾರಕ್ಕ.

ಅದೂ ನಿಜ. ಖಂಡಿತ ತಿರುಗುತ್ತಿದ್ದೆ. ತಳದವರೆಗೆ ಕೈ ಇಳಿಸಿ ನನ್ನನ್ನು ನೋಡಿದ್ದವಳು ಆಕೆ.

ನಾಲ್ಕು ಸಾವಿರ ವಾಪಸು ಜೇಬಿಗಿಟ್ಟೆ. ಮಾರಕ್ಕ ಮಿಕ್ಕ ನೋಟನ್ನು ಸೆರಗಿಗೆ ಕಟ್ಟಿ, ಹೊಸಿಲು ತೊಳೆದು, ನಾಲ್ಕು ಗೆರೆ ರಂಗೋಲಿ ಬಿಟ್ಟು ಗಾಡಿ ಹತ್ತಿದಳು. ಫೋಟೋ ಮಡಿಲಲ್ಲಿತ್ತು. ಐದಕ್ಕೆ ಹತ್ತು ನಿಮಿಷವಿರುವಾಗ ಮನೆ ಸಿಕ್ಕಿತೆಂದು ವಾಸಿಂ ಫೋನ್ ಮಾಡಿದ.

ಅಡ್ವಾನ್ಸ್ ಚುಕ್ತಾ ಆಯಿತು. ಒಬ್ಬ ಮನುಷ್ಯನ ಫೋಟೋ ಆರು ವರ್ಷ ಟ್ರಂಕಿನ ಮೇಲೆ ನಿಂತದ್ದಕ್ಕೆ ಮಾತ್ರ ನಾನು ಮಾರಕ್ಕನಿಗೆ ಒಂದು ಮೊಳೆ ಬಾಕಿ ಇದ್ದೇನೆ.