ದೊಡ್ಡವಳಾದಾಗ ಬರುವ ಶಕ್ತಿ

ಆಟವನ್ನು ಆಟವಾಗಿಯೇ ನೋಡಬೇಕು ಅಂತ ನನಗೆ ಬುದ್ಧಿ ಹೇಳಲು ಯಾರೂ ಬರುವುದು ಬೇಡ. ಆಟದ ಮಧ್ಯೆ ಎದ್ದು ಬಂದವಳು ನಾನೇ. ಮತ್ತೆ ಆ ಮನೆಯ ಮೆಟ್ಟಿಲು ಹತ್ತಿಲ್ಲ.

ರಾಮನಗರದಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಹುಡುಗನೊಬ್ಬನ ಮನೆ ಅದು. ಭಾನುವಾರ ಅವನ ಮಹಡಿಯಲ್ಲಿ ನಾಲ್ಕು ಜನ ಸೇರುತ್ತಿದ್ದೆವು: ಅವನು, ಅವನ ಹೆಂಡತಿ, ರೇಷ್ಮೆ ನೂಲು ತೆಗೆಯುವ ಮುಸ್ಲಿಂ ಮನೆತನದ ತರುಣನೊಬ್ಬ, ಮತ್ತೆ ಲ್ಯಾಬ್‌ನಲ್ಲಿ ರಕ್ತ ಪರೀಕ್ಷೆ ಮಾಡುವ ನಾನು. ಒಬ್ಬೊಬ್ಬರು ಒಂದೊಂದು ಪಾತ್ರ ಕಟ್ಟಿಕೊಂಡು, ದಾಳ ಉರುಳಿಸುತ್ತಾ ರಾಕ್ಷಸರು, ಕೋಟೆ, ಮಾಯೆ ಅಂತ ಕಥೆ ನಡೆಸುವ ಆಟ. ನಡೆಸುವವನು ಅಂಗಡಿಯವನು. ಅವನು ಹೇಳಿದ್ದೇ ಕೊನೆ ಮಾತು, ಆ ಗತ್ತು ಅವನಿಗೆ ಚೆನ್ನಾಗಿಯೇ ಇತ್ತು.

ಅವತ್ತು ಹೊಸ ಕಥೆ ಶುರು. ಹುಟ್ಟಿನಿಂದಲೇ ರಕ್ತದಲ್ಲಿ ಮಾಯೆ ಇರುವ ಪಾತ್ರಗಳನ್ನು ನಾನೂ ನೂಲಿನ ಮನೆಯವನೂ ಆರಿಸಿಕೊಂಡೆವು. ಅಂಥ ಪಾತ್ರ ತೆಗೆದುಕೊಂಡವರು ಆ ಶಕ್ತಿ ಮೊದಲು ಯಾವಾಗ ಕಾಣಿಸಿಕೊಂಡಿತು ಅಂತ ಹೇಳಬೇಕು. ನೂಲಿನವನು, ತನ್ನ ಪಾತ್ರ ಮಗುವಾಗಿದ್ದಾಗ ಅತ್ತರೆ ಕೊಳಗದ ನೀರು ತಾನಾಗಿ ಕುದಿಯುತ್ತಿತ್ತು ಅಂದ. ಸೂಪರ್ ಅಂತ ಒಪ್ಪಿಕೊಂಡುಬಿಟ್ಟ ಅಂಗಡಿಯವನು. ನಾನು, ನನ್ನ ಹುಡುಗಿಗೆ ಒಂಬತ್ತನೇ ವಯಸ್ಸಿನಲ್ಲಿ ಬಂತು, ಮುಟ್ಟಿದ ಜೀವಿಯ ಒಳಗೆ ಏನು ನಡೀತಿದೆ ಅಂತ ಅವಳ ಕೈಗೆ ತಿಳಿಯುತ್ತೆ ಅಂದೆ.

ಅವನು ಆಟದ ನಿಯಮಗಳ ಇಂಗ್ಲಿಷ್ ಪುಸ್ತಕ ತಿರುವಿ ತಲೆಯಾಡಿಸಿದ. "ಅಲ್ಲಕ್ಕ, ಹೆಣ್ಮಕ್ಕಳಿಗೆ ದೊಡ್ಡೋಳಾದಾಗ್ಲೇ ಬರೋದು. ಬುಕ್ಕಲ್ಲೂ ಹಂಗೇ ಐತೆ."

ಪುಸ್ತಕ ಕಿತ್ತುಕೊಂಡು ಓದಿದೆ. ಸಾಮಾನ್ಯವಾಗಿ ಪ್ರಾಯಕ್ಕೆ ಬರುವಾಗ ಅಂತಿತ್ತು, ಗಂಡು ಹೆಣ್ಣು ಇಬ್ಬರಿಗೂ. ಗಂಡಿಗೆ ಆ ನಿಯಮವನ್ನೇ ಬಿಟ್ಟು, ನನಗೆ ಮಾತ್ರ ದೊಡ್ಡವಳಾಗುವುದು ಅಂತ ಕನ್ನಡ ಮಾಡಿದ್ದ ಈ ಪಂಡಿತ. ನನ್ನ ಮೈ ಉರಿದುಹೋಯಿತು.

ಯಾಕೆ ಅಂದರೆ, ಒಂಬತ್ತು ವರ್ಷದ ಆ ಹುಡುಗಿ ನಾನೇ. ನಮ್ಮೂರು ಕೋಡಿಹಳ್ಳಿ ಕಡೆ, ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಹುಳು ಸೊಪ್ಪು ತಿನ್ನುವುದು ಬಿಟ್ಟು ಗೂಡು ಕಟ್ಟಲು ಸಿದ್ಧವಾದರೆ ಹಣ್ಣಾಯಿತು ಅನ್ನುತ್ತೇವೆ. ಹಣ್ಣಾದದ್ದನ್ನು ಹೊತ್ತು ಮೀರದೆ ಆಯ್ದು ಚಂದ್ರಿಕೆ ಅನ್ನುವ ಬಿದಿರ ತಟ್ಟಿಗೆ ಬಿಡಬೇಕು. ದೊಡ್ಡವರು ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡುತ್ತಿದ್ದರು. ನಾನು ತಟ್ಟೆಯ ಮೇಲೆ ಕೈಯಾಡಿಸಿದರೆ ಸಾಕಿತ್ತು, ಬೆರಳು ತಾನಾಗಿ ಹಣ್ಣು ಹುಳುವನ್ನೇ ಎತ್ತುತ್ತಿತ್ತು. ಪಕ್ಕದ ಮನೆಯವರೂ ಕರೆದುಕೊಂಡು ಹೋಗುತ್ತಿದ್ದರು. ಅಜ್ಜಿ ಕೈಗುಣ ಕೈಗುಣ ಅಂತ ಊರೆಲ್ಲ ಹೇಳಿಕೊಂಡು ತಿರುಗಿದಳು. ನನಗೂ ಜಂಬ ಇತ್ತು, ಯಾಕಿರಬಾರದು?

ಏಳನೇ ಕ್ಲಾಸಿನಲ್ಲಿದ್ದಾಗ ಒಂದು ಮಧ್ಯಾಹ್ನ ಹುಳುಮನೆಯೊಳಗೆ ಕೆಲಸ ಮಾಡುತ್ತಿರುವಾಗಲೇ ದೊಡ್ಡವಳಾದೆ. ಮುಟ್ಟಾದವರು ಹುಳುಮನೆಯೊಳಗೆ ಕಾಲಿಡಬಾರದು ಅನ್ನುವುದು ನಮ್ಮ ಕಡೆ ಕಟ್ಟುನಿಟ್ಟು. ನನಗೆ ಗೊತ್ತಾಗುವ ಹೊತ್ತಿಗೆ ಎಲ್ಲ ತಟ್ಟೆಗೂ ಕೈ ಹಾಕಿಯಾಗಿತ್ತು. ಅದೇ ವಾರ ಹಾಲುತೊಂಡೆ ರೋಗ ಬಿತ್ತು. ಹುಳು ಊದಿಕೊಂಡು, ಒಡೆದು, ಬಿಳಿ ನೀರು ಸುರಿಸಿ ಸತ್ತವು. ಮಳೆಯಲ್ಲಿ ನೆಂದ ಸೊಪ್ಪನ್ನು ಹಾಗೇ ಹಾಕಿದ್ದು, ಕಿಟಕಿ ಮುಚ್ಚಿ ಗಾಳಿಯಾಡದಂತೆ ಮಾಡಿದ್ದು ಅಪ್ಪ. ಅಪ್ಪನನ್ನು ಯಾರೂ ಒಂದು ಮಾತು ಕೇಳಲಿಲ್ಲ.

ನನ್ನನ್ನು ಕೂರಿಸಿ ಆರತಿ ಎತ್ತಿದರು, ಎಳ್ಳು ಬೆಲ್ಲದ ಚಿಗಳಿ ತಿನ್ನಿಸಿದರು, ಹೊಸ ಬಟ್ಟೆ ಉಡಿಸಿದರು. ಹೆಂಗಸರೆಲ್ಲ ಎದ್ದು ಹೋದ ಮೇಲೆ ಅಜ್ಜಿ ಹತ್ತಿರ ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. "ನಿನ್ ಕೈ ಕೆಟ್ಟೋಯ್ತು ಕನವ್ವ. ಇನ್ ಹುಳಿನ್ ಮನೆ ಕಡೆ ತಲೆ ಹಾಕ್ಬ್ಯಾಡ."

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವಳು ಪ್ರೀತಿಯಿಂದ ಹೇಳಿದಳು. ಅದಕ್ಕೇ ಅವಳನ್ನು ಇವತ್ತಿಗೂ ಕ್ಷಮಿಸಿಲ್ಲ.

ಇದನ್ನೆಲ್ಲ ಆ ಮಹಡಿಯಲ್ಲಿ ದನಿಯೇರಿಸಿ ಹೇಳಿದೆ. ದೊಡ್ಡವಳಾದ ದಿನ ಶಕ್ತಿ ಬರುವುದಿಲ್ಲ, ಇರುವುದನ್ನು ಕಿತ್ತುಕೊಳ್ಳುತ್ತಾರೆ, ನನ್ನ ಪಾತ್ರಕ್ಕೆ ಒಂಬತ್ತಕ್ಕೇ ಬಂತು, ಆಮೇಲೂ ಹೋಗಲಿಲ್ಲ, ಹಾಗಂತ ಒಪ್ಪಿಕೋ ಅಂದೆ. ನೂಲಿನವನು ತಲೆ ತಗ್ಗಿಸಿಕೊಂಡ. ಅಂಗಡಿಯವನು ಮಾತ್ರ ನಕ್ಕ. ಬೇಕಾದರೆ ದಾಳ ಹಾಕಿ ನೋಡೋಣ, ದೊಡ್ಡದು ಬಿದ್ದರೆ ಒಂಬತ್ತು ಅಂತಲೇ ಇಟ್ಟುಕೊಳ್ಳಿ ಅಂದ. ದಾಳವನ್ನು ನನ್ನ ಮುಂದೆ ತಳ್ಳಿದ. ಅದನ್ನು ತೆಗೆದು ಅವನ ಮುಖಕ್ಕೇ ಎಸೆದೆ. ಕನ್ನಡಕಕ್ಕೆ ತಗುಲಿತು. ಅದಕ್ಕೆ ನನಗೇನೂ ಬೇಜಾರಿಲ್ಲ.

ಅವನ ಹೆಂಡತಿ ಆಗ ಬಾಯಿ ತೆರೆದಳು. ಚನ್ನಪಟ್ಟಣದವಳು, ಮೆತ್ತಗಿನ ಹುಡುಗಿ, ಕೆಣಕುವ ಸ್ವಭಾವ ಅವಳದಲ್ಲ.

"ಆಮೇಲೆ ಯಾವತ್ತಾರ ಮುಟ್ಟಿದ್ರಾ ಅಕ್ಕ, ಹುಳಾನ?"

ಬ್ಯಾಗು ಎತ್ತಿಕೊಂಡು ಮೆಟ್ಟಿಲಿಳಿದೆ. ಅವಳ ಮೇಲೂ ಸಿಟ್ಟು ಬಂತು, ಎಲ್ಲರಿಗಿಂತ ಹೆಚ್ಚಾಗಿ.

ಆ ಆಟಕ್ಕೂ ಮುಂಚೆ, ಹೋದ ವರ್ಷ, ಊರಿಗೆ ಹೋಗಿದ್ದೆ. ಈಗ ಅಣ್ಣ ಸಾಕುತ್ತಾನೆ, ಅಜ್ಜಿ ಇಲ್ಲ, ಆ ಕಟ್ಟುನಿಟ್ಟೂ ಇಲ್ಲ. ಹುಳು ಒಟ್ಟಿಗೇ ಹಣ್ಣಾಗಿ, ಆಳು ಸಿಗದೆ, ಅತ್ತಿಗೆ ಬೆವರೊರೆಸಿಕೊಂಡು ಹೊರಗೆ ಬಂದು, ಬಾ, ನಿನ್ನ ಕೈ ಬಹಳ ಚುರುಕಂತೆ, ಒಸಿ ಆಯ್ದುಕೊಡು ಅಂದಳು. ಬಾಗಿಲಲ್ಲಿ ತಡೆಯುವವರು ಯಾರೂ ಇರಲಿಲ್ಲ. ನಾನು ತಲೆನೋವು ಅಂತ ಹೇಳಿ ಜಗಲಿಯ ಮೇಲೆ ಕೂತುಬಿಟ್ಟೆ. ಅಣ್ಣನ ಹುಳು ಸತ್ತರೆ ಅಂತ ಹೆದರಿಕೆಯಾಗಿತ್ತು.